ಮನೆಯ ಸ್ಟೀರಿಯೋಗೆ ಎಷ್ಟು ವ್ಯಾಟ್ ಬೇಕು?

ಆಲಮಟ್ಟಿ, ನಾರಾಯಣಪುರಗಳನ್ನು ದಾಟಿ ತೆಲುಗು ನಾಡನ್ನು ಹೊಕ್ಕ ಕೃಷ್ಣೆಯು ವಿಜಯವಾಡದ ಪ್ರಕಾಶಂ ಬ್ಯಾರೇಜನ್ನು ತಲುಪುವ ಮುನ್ನ ಇಬ್ರಾಹಿಂಪಟ್ನಂನ ದಡವನ್ನು ಸೋಕಿ ಹರಿಯುತ್ತಾಳೆ. ಈ ಊರಿನ ಉಷ್ಣ ವಿದ್ಯುತ್ ಕೇಂದ್ರದ ಮೊದಲನೆಯ ಘಟಕವು 1979ರಲ್ಲಿ ಕಾರ್ಯಾರಂಭ ಮಾಡಿತು. ಆ ಒಂದು ಘಟಕದ ಸಾಮರ್ಥ್ಯವೇ 210 ಮೆಗಾವ್ಯಾಟ್, ಅಂದರೆ ಇಪ್ಪತ್ತೊಂದು ಕೋಟಿ ವ್ಯಾಟ್. ಅದೇ ಊರಿನ ಒಂದು ಮನೆಯ ಹಜಾರದಲ್ಲಿ ಸಂಜೆಯ ಹೊತ್ತು ಮಲ್ಲಿಕಾರ್ಜುನ ಮನಸೂರರ ಗಾಯನವನ್ನೋ, ವಿಜಯವಾಡ ಆಕಾಶವಾಣಿಯಲ್ಲಿ ಸೇವೆ ಸಲ್ಲಿಸಿದ್ದ ಬಾಲಮುರಳಿಕೃಷ್ಣರ ಕೃತಿಯೊಂದನ್ನೋ ಆಲಿಸಲು ಎಷ್ಟು ವ್ಯಾಟ್ ಬೇಕಾದೀತು? ಬಹುಪಾಲು ಹೊತ್ತು ಒಂದೇ ಒಂದು ವ್ಯಾಟ್ ಸಾಕೆಂದರೆ ನಂಬುವವರು ವಿರಳ.

ನಂಬದಿರುವುದಕ್ಕೆ ಕಾರಣವೂ ಇದೆ. ಒಂದು ಕಾಲದಲ್ಲಿ ನಮ್ಮ ಪೇಟೆಗಳಲ್ಲಿ ಅಂಗೈಯಗಲದ ಸ್ಪೀಕರುಗಳ ಪೆಟ್ಟಿಗೆಯ ಮೇಲೂ ಸಾವಿರಾರು ವ್ಯಾಟ್ 'ಪಿ.ಎಂ.ಪಿ.ಓ.' ಎಂದು ದಪ್ಪಕ್ಷರಗಳಲ್ಲಿ ಮುದ್ರಿಸಿರುತ್ತಿದ್ದರು. ಕಣ್ಣೆವೆ ಇಕ್ಕುವುದಕ್ಕಿಂತ ಕಡಿಮೆ ಅವಧಿಯ ಕಾಲ್ಪನಿಕ ಗರಿಷ್ಠಕ್ಕೆ ಕೊಟ್ಟ ಹೆಸರು ಅದು. ಅದನ್ನು ಅಳೆಯಲು ಒಪ್ಪಿತವಾದ ಕ್ರಮವೇ ಇರಲಿಲ್ಲ. ಇಂತಹ ಉತ್ಪ್ರೇಕ್ಷೆಯನ್ನು ತಡೆಯಲೆಂದೇ ಅಮೆರಿಕದಲ್ಲಿ 1974ರಲ್ಲಿ ಆಂಪ್ಲಿಫೈಯರುಗಳ ಶಕ್ತಿಯನ್ನು ಪ್ರಕಟಿಸುವ ಬಗ್ಗೆ ನಿಯಮವೊಂದನ್ನು ಜಾರಿಗೆ ತರಬೇಕಾಯಿತು. ಕೊಳ್ಳುವವರು ಕೇಳಬೇಕಾದುದು ಎರಡೂ ಚಾನೆಲುಗಳು ಒಟ್ಟಿಗೆ ದುಡಿಯುತ್ತಿರುವಾಗ 8 ಓಮ್ ಹೊರೆಗೆ ಸತತವಾಗಿ ದೊರೆಯುವ ಆರ್.ಎಂ.ಎಸ್. ವ್ಯಾಟುಗಳ ಲೆಕ್ಕವನ್ನು. ಉಳಿದ ಅಂಕಿಗಳನ್ನು ಹಬ್ಬದ ತೋರಣವೆಂದು ಭಾವಿಸಿದರೆ ತಪ್ಪಾಗದು.

ಆಂಪ್ಲಿಫೈಯರನ್ನು ಆರಿಸುವ ಮುನ್ನ ನೋಡಬೇಕಾದದ್ದು ಸ್ಪೀಕರನ್ನು. ಸಾಧಾರಣ ಮನೆಬಳಕೆಯ ಸ್ಪೀಕರು ಒಂದು ವ್ಯಾಟ್ ಪಡೆದು ಒಂದು ಮೀಟರ್ ದೂರದಲ್ಲಿ ಸುಮಾರು 87 ಡೆಸಿಬೆಲ್ ಧ್ವನಿಯನ್ನು ಕೊಡುತ್ತದೆ. ಮೂರು ಮೀಟರ್ ದೂರದ ಕುರ್ಚಿಯಲ್ಲಿ ಕುಳಿತವರಿಗೆ ಎರಡು ಸ್ಪೀಕರುಗಳಿಂದ ಸೇರಿ 80ಕ್ಕಿಂತ ಹೆಚ್ಚೇ ಡೆಸಿಬೆಲ್ ತಲುಪುತ್ತದೆ. ಎದುರು ಬದುರು ಕುಳಿತವರ ಮಾತು ಸುಮಾರು 60 ಡೆಸಿಬೆಲ್ ಎಂಬುದನ್ನು ನೆನೆದರೆ, ಇಂಪಾಗಿ ಕೇಳಲು ಒಂದು ವ್ಯಾಟೂ ಅಧಿಕವೇ ಎಂಬುದು ತಿಳಿಯುತ್ತದೆ. ಆದರೆ ಸಂಗೀತವು ಸಮತಟ್ಟಾದ ಬಯಲಲ್ಲ. ಮೃದಂಗದ ಒಂದು ಘಾತ, ತಬಲಾದ ಒಂದು ಪೆಟ್ಟು ಸುತ್ತಲಿನ ನಾದಕ್ಕಿಂತ 15 ಅಥವಾ 20 ಡೆಸಿಬೆಲ್ ಮೇಲೇರಬಹುದು. 20 ಡೆಸಿಬೆಲ್ ಏರಿಕೆಗೆ ನೂರು ಪಟ್ಟು ಶಕ್ತಿ ಬೇಕು. ಆ ಕ್ಷಣಕ್ಕೆಂದು ಕಾದಿರಿಸಿದ ಸಾಮರ್ಥ್ಯವನ್ನೂ ಎಣಿಸಿದರೆ ಮಧ್ಯಮ ವರ್ಗದ ಮನೆಯ ಹಜಾರಕ್ಕೆ ಚಾನೆಲೊಂದಕ್ಕೆ 30ರಿಂದ 50 ವ್ಯಾಟ್ ಯಥೇಚ್ಛ. ಅದನ್ನು ಬಿಟ್ಟು 100 ವ್ಯಾಟಿನದನ್ನು ಕೊಂಡರೆ ದೊರೆಯುವ ಹೆಚ್ಚಳ ಕೇವಲ 3 ಡೆಸಿಬೆಲ್. ಕಿವಿಗೆ ಅದು 'ಕೊಂಚ ಜೋರು' ಎನಿಸುತ್ತದೆ, ಅಷ್ಟೆ. ಬೆಲೆ ಮಾತ್ರ ಕೊಂಚವಲ್ಲ. 90 ಡೆಸಿಬೆಲ್ಲಿನ ಸ್ಪೀಕರನ್ನು ಆರಿಸಿಕೊಂಡರೆ ಅದೇ ಹೆಚ್ಚಳ ತಾನಾಗಿಯೇ ದೊರೆಯುತ್ತದೆ.

ತೀರ ಚಿಕ್ಕದನ್ನು ಕೊಂಡು ಗುಂಡಿಯನ್ನು ಕೊನೆಯವರೆಗೂ ತಿರುಗಿಸುವುದೂ ಹಿತವಲ್ಲ. ಶಕ್ತಿ ಸಾಲದಾದಾಗ ಆಂಪ್ಲಿಫೈಯರು ನಾದದ ಅಲೆಯ ನೆತ್ತಿಯನ್ನು ಕತ್ತರಿಸಿಬಿಡುತ್ತದೆ. ಆಗ ಹುಟ್ಟುವ ಕರ್ಕಶವಾದ ಮೇಲುಸ್ವರಗಳು ಸ್ಪೀಕರಿನ ಸೂಕ್ಷ್ಮವಾದ ಟ್ವೀಟರನ್ನು ಸುಟ್ಟುಹಾಕುವುದುಂಟು. 'ಚಿಕ್ಕ ಆಂಪ್ಲಿಫೈಯರು ದೊಡ್ಡ ಸ್ಪೀಕರಿಗೆ ಏನು ಮಾಡೀತು' ಎಂದವರು ರಿಪೇರಿಯ ಅಂಗಡಿಯಲ್ಲಿ ಉತ್ತರವನ್ನು ಕಂಡುಕೊಳ್ಳುತ್ತಾರೆ.

ಇನ್ನು ಸ್ಥಾನದ ವಿಚಾರ. ಕೃಷ್ಣಾ ತೀರದ ಮೇ ತಿಂಗಳೆಂದರೆ ಬಲ್ಲವರೇ ಬಲ್ಲರು. ಹೊರಗಿನ ಉಷ್ಣತೆ 45 ಡಿಗ್ರಿಯನ್ನು ಮೀರುವುದೂ ಉಂಟು. ಆಂಪ್ಲಿಫೈಯರು ವಿದ್ಯುತ್ತಿನ ಗಣನೀಯ ಭಾಗವನ್ನು ನಾದವಾಗಿಸದೆ ಬಿಸಿಯಾಗಿ ಹೊರಚೆಲ್ಲುವ ಯಂತ್ರ. 'ಎ' ವರ್ಗದ್ದಾದರೆ ಹಾಡಿದರೂ ಹಾಡದಿದ್ದರೂ ಒಂದೇ ಸಮನೆ ಕಾಯುತ್ತಿರುತ್ತದೆ. ಸಾಮಾನ್ಯವಾದ 'ಎಬಿ' ವರ್ಗದ್ದು ಅಷ್ಟಿಲ್ಲದಿದ್ದರೂ ಬೆಚ್ಚಗಾಗುತ್ತದೆ. ಈಚಿನ 'ಡಿ' ವರ್ಗದವು ನೂರರಲ್ಲಿ 80ರಿಂದ 90 ಪಾಲನ್ನು ಸ್ಪೀಕರಿಗೇ ಮುಟ್ಟಿಸುವುದರಿಂದ ಬಹಳ ಕಡಿಮೆ ಕಾಯುತ್ತವೆ. ಬೇಸಗೆ ಕಡುವಾದ ಊರುಗಳಿಗೆ ಈ ಕಡೆಯ ವರ್ಗವೇ ಲೇಸು. ಆಂಪ್ಲಿಫೈಯರಿನ ಒಡಲಲ್ಲಿರುವ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರುಗಳ ಆಯುಸ್ಸು ಪ್ರತಿ 10 ಡಿಗ್ರಿ ಉಷ್ಣತೆ ಏರಿದಂತೆ ಸರಿಸುಮಾರು ಅರ್ಧಕ್ಕಿಳಿಯುತ್ತದೆ. ಗಾಳಿಯಾಡದ ಗೂಡಿನಲ್ಲಿ 20 ಡಿಗ್ರಿ ಹೆಚ್ಚು ಕಾದ ಉಪಕರಣವು ನಾಲ್ಕರಲ್ಲೊಂದು ಪಾಲು ಬಾಳಿದರೆ ಅದು ತಯಾರಕರ ದೋಷವೆನಿಸದು.

ಸಮೀಪದ ಕೊಂಡಪಲ್ಲಿಯ ಮರದ ಬೊಂಬೆಗಳಿಗೆ ಗಾಜಿನ ಷೋಕೇಸು ಹೇಳಿ ಮಾಡಿಸಿದ ಸ್ಥಾನ, ಆಂಪ್ಲಿಫೈಯರಿಗೆ ಅಲ್ಲ. ಅದರ ನೆತ್ತಿಯ ಮೇಲೆ ಒಂದು ಗೇಣು, ಪಕ್ಕಗಳಲ್ಲಿ ನಾಲ್ಕು ಬೆರಳು ಬಯಲಿರಬೇಕು. ಕಸೂತಿಯ ಬಟ್ಟೆಯನ್ನು ಹೊದಿಸುವುದು, ಹೂದಾನಿಯನ್ನು ಇಡುವುದು, ಒಂದರ ಮೇಲೊಂದು ಪೆಟ್ಟಿಗೆಯನ್ನು ಪೇರಿಸುವುದು ಸಲ್ಲದು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಿಂದ ಟ್ರಾನ್ಸಿಸ್ಟರುಗಳನ್ನು ಆಯ್ದು ತಂದು ತಾವೇ ಆಂಪ್ಲಿಫೈಯರನ್ನು ಬೆಸೆಯುತ್ತಿದ್ದ ಹವ್ಯಾಸಿಗಳು ಈ ಪಾಠವನ್ನು ಬೆರಳು ಸುಟ್ಟುಕೊಂಡೇ ಕಲಿತವರು. ಕಲ್ಲಿದ್ದಲು ಉರಿಯುವ ಕೇಂದ್ರದ ನೆರೆಯ ಮನೆಗಳಿಗೆ ಇನ್ನೊಂದು ಎಚ್ಚರಿಕೆಯೂ ಸಲ್ಲುತ್ತದೆ: ಹಾರುಬೂದಿಯೂ ಧೂಳೂ ಶಾಖ ಚೆಲ್ಲುವ ಲೋಹದ ರೆಕ್ಕೆಗಳ ನಡುವೆ ಕುಳಿತರೆ ಕಂಬಳಿ ಹೊದಿಸಿದಂತೆಯೇ. ತಿಂಗಳಿಗೊಮ್ಮೆ ವಿದ್ಯುತ್ ಸಂಪರ್ಕವನ್ನು ಕಳಚಿ ಒಣಗಿದ ಮೃದುವಾದ ಕುಂಚದಿಂದ ಗುಡಿಸಬೇಕು. ಗ್ರಾಮಫೋನ್ ತಟ್ಟೆಯ ಯಂತ್ರವಿದ್ದರೆ ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಡಿಕೆ ಅದಕ್ಕೆ ಅಂಟದಂತೆ ಒಂದೆರಡು ಮೊಳ ದೂರವಿಡುವುದು ಕ್ಷೇಮ. ಗುಂಯ್‌ಗುಡಿಕೆ ಹೋಗಲೆಂದು ಪ್ಲಗ್ಗಿನ ಮೂರನೆಯ ಕಡ್ಡಿಯನ್ನು ಮುರಿಯುವವರಿದ್ದಾರೆ. ಭೂಸಂಪರ್ಕವಿರುವ ಉಪಕರಣದಲ್ಲಿ ಹೀಗೆ ಮಾಡುವುದು ಪ್ರಾಣಕ್ಕೇ ಸಂಚಕಾರ. ಸ್ಪೀಕರಿನ ತಂತಿ ಐದು ಮೀಟರಿನೊಳಗಿದ್ದರೆ 1.5 ಚದರ ಮಿಲಿಮೀಟರಿನ ತಾಮ್ರದ ತಂತಿ ಧಾರಾಳವಾಗಿ ಸಾಕು.

ಇಷ್ಟೆಲ್ಲ ಸರಿಯಿದ್ದೂ ಕೆಲವು ಮನೆಗಳಲ್ಲಿ ಗುಂಡಿಯು ವರ್ಷದಿಂದ ವರ್ಷಕ್ಕೆ ಬಲಕ್ಕೆ ಸರಿಯುತ್ತಲೇ ಹೋಗುತ್ತದೆ. 'ಈ ಆಂಪ್ಲಿಫೈಯರಿಗೆ ಶಕ್ತಿ ಸಾಲದು, ಹಾಡಿನ ಸಾಹಿತ್ಯವೇ ತಿಳಿಯುವುದಿಲ್ಲ' ಎಂದು ಮನೆಯ ಹಿರಿಯರು ದೂರುತ್ತಾರೆ. ಮಕ್ಕಳು ಮಮತೆಯಿಂದ ಇನ್ನೂ ದೊಡ್ಡದನ್ನು ತಂದುಕೊಡುತ್ತಾರೆ. ಇಲ್ಲಿ ಸೋತಿರುವುದು ಯಂತ್ರವಲ್ಲ. ವಯಸ್ಸಾದಂತೆ ಕಿವಿಯು ಮೊದಲು ಕಳೆದುಕೊಳ್ಳುವುದು ಎತ್ತರದ ಸ್ವರಗಳನ್ನು. 'ಸ', 'ಶ' ಮುಂತಾದ ವ್ಯಂಜನಗಳು ನೆಲೆಸಿರುವುದು ಅಲ್ಲಿಯೇ. 'ಸಕ್ಕರೆ' ಎಂದುದು 'ಅಕ್ಕರೆ' ಎಂದು ಕೇಳಿಸುತ್ತದೆ. ಇಡೀ ನಾದವನ್ನು ಏರಿಸಿದರೆ ಸ್ವರಗಳು ಅಬ್ಬರಿಸುತ್ತವೆಯೇ ಹೊರತು ವ್ಯಂಜನಗಳು ತಿಳಿಯಾಗುವುದಿಲ್ಲ. ಮೆಲ್ಲಗೆ ಹೇಳಿದರೆ ಕೇಳದು, ಜೋರಾಗಿ ಹೇಳಿದರೆ 'ಕೂಗಬೇಡ' ಎನ್ನುತ್ತಾರೆಂದು ಸೊಸೆಯಂದಿರು ನಗುವುದುಂಟು. ಒಳಗಿವಿಯ ದೌರ್ಬಲ್ಯದ ಲಕ್ಷಣವೇ ಅದು, ಹಟವಲ್ಲ.

ಆ ಅಬ್ಬರದ ಪಾಲು ಅದೇ ಹಜಾರದ ಚಾಪೆಯ ಮೇಲೆ ಆಡುತ್ತಿರುವ ಮೊಮ್ಮಗುವಿಗೂ ಸಲ್ಲುತ್ತದೆ. ಹುಟ್ಟುವಾಗ ಪ್ರತಿಯೊಂದು ಕಿವಿಯಲ್ಲಿಯೂ ಇರುವ ಸುಮಾರು ಹದಿನೈದು ಸಾವಿರ ರೋಮಕೋಶಗಳಲ್ಲಿ ಅಳಿದವು ಮತ್ತೆ ಹುಟ್ಟುವುದಿಲ್ಲ. 85 ಡೆಸಿಬೆಲ್ ಮಟ್ಟದಲ್ಲಿ ದಿನಕ್ಕೆ 8 ಗಂಟೆ ಮಿತಿಯಾದರೆ, ಪ್ರತಿ 3 ಡೆಸಿಬೆಲ್ಲಿಗೆ ಅವಧಿ ಅರ್ಧವಾಗುತ್ತ 100 ಡೆಸಿಬೆಲ್ಲಿನಲ್ಲಿ ಅದು ಕಾಲು ಗಂಟೆಗೆ ಇಳಿಯುತ್ತದೆ. ಇದೂ ಕಾರ್ಖಾನೆಯಲ್ಲಿ ದುಡಿಯುವ ವಯಸ್ಕರಿಗಾಗಿ ಹಾಕಿದ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯು ಸಂಗೀತ ಕೇಳುವ ವಯಸ್ಕರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್, ಮಕ್ಕಳಿಗೆ 75 ಡೆಸಿಬೆಲ್ ಎಂಬ ಮಿತಿಯನ್ನು ಸೂಚಿಸಿದೆ. ಕುರ್ಚಿಯಲ್ಲಿ ಕುಳಿತು ಪಕ್ಕದವರೊಡನೆ ಧ್ವನಿಯೇರಿಸದೆ ಮಾತನಾಡಲಾಗದಿದ್ದರೆ ಗುಂಡಿಯನ್ನು ಎಡಕ್ಕೆ ತಿರುಗಿಸುವ ಹೊತ್ತಾಯಿತೆಂದು ತಿಳಿಯಬೇಕು. ಹಾಡು ನಿಂತ ಬಳಿಕ ಕಿವಿಯಲ್ಲಿ ಜೀರುಂಡೆಯ ದನಿ ಉಳಿದರೆ ಮಿತಿ ಮೀರಿಯಾಗಿದೆ.

ಹಿರಿಯರು ಹೊಸ ಆಂಪ್ಲಿಫೈಯರನ್ನು ಕೇಳಿದಾಗ ಮೊದಲು ಶ್ರವಣ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಅರ್ಧ ಗಂಟೆಯ, ನೋವಿಲ್ಲದ ಪರೀಕ್ಷೆ ಅದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1965ರಲ್ಲಿ ಆರಂಭವಾದಂದಿನಿಂದ ಈ ಕಾರ್ಯವನ್ನು ನಡೆಸಿಕೊಂಡು ಬಂದಿದೆ. ರಜೆಗೆ ತವರಿಗೆ ಬರುವ ಹೊರನಾಡ ಕನ್ನಡಿಗರು ಒಂದು ಬೆಳಗನ್ನು ಅದಕ್ಕೆ ಮೀಸಲಿಡಬಹುದು. ಕೆಲವೊಮ್ಮೆ ಕಿವಿಯಲ್ಲಿ ಗಟ್ಟಿಯಾದ ಗುಗ್ಗೆಯನ್ನು ತೆಗೆದುಹಾಕಿದ ಮಾತ್ರಕ್ಕೇ ಹಳೆಯ ಆಂಪ್ಲಿಫೈಯರು ಸಾಕೆನಿಸಿದ್ದುಂಟು. ಶ್ರವಣ ಸಾಧನ ಬೇಕೆಂದಾದರೆ ಅದು ಕುಂದಿದ ಸ್ವರಗಳನ್ನಷ್ಟೇ ಆಯ್ದು ಎತ್ತಿಕೊಡುತ್ತದೆ. ಅದೂ ಒಂದು ಆಂಪ್ಲಿಫೈಯರೇ. ಅದಕ್ಕೆ ಬೇಕಾಗುವುದು ಒಂದು ವ್ಯಾಟಿನ ನೂರರಲ್ಲೊಂದು ಪಾಲಿನಷ್ಟೂ ಅಲ್ಲ.