ಕ್ಷ-ಕಿರಣದ ಕೊಠಡಿ

ಮನೆ ಕಟ್ಟುವವನು ಗಾಳಿಬೆಳಕುಗಳು ಧಾರಾಳವಾಗಿ ಒಳಗೆ ಬರಲೆಂದು ಬಾಗಿಲು ಕಿಟಕಿಗಳನ್ನು ಇಡಿಸುತ್ತಾನೆ. ಆದರೆ ಒಳಗೆ ಹುಟ್ಟಿದ ಕಿರಣ ಹೊರಗೆ ಹೋಗದಂತೆ ಎಚ್ಚರದಿಂದ ಕಟ್ಟಬೇಕಾದ ಕೊಠಡಿಯೊಂದಿದೆ. ಅದೇ ವೈದ್ಯಾಲಯದ ಕ್ಷ-ಕಿರಣದ ಕೊಠಡಿ. ಮರದಿಂದ ಬಿದ್ದು ಕೈ ಮುರಿದುಕೊಂಡ ಹುಡುಗನೂ ವಾರಗಟ್ಟಲೆ ಕೆಮ್ಮಿನಿಂದ ಬಳಲಿದ ಮುದುಕನೂ ಅಲ್ಲಿಗೆ ಹೋಗಿಬರುತ್ತಾರೆ. ಕ್ಷಣಮಾತ್ರದಲ್ಲಿ ಮುಗಿಯುವ ಆ ಕೆಲಸದ ಹಿಂದೆ ಎಷ್ಟು ವಿಚಾರ, ಎಷ್ಟು ಸಿದ್ಧತೆ ಅಡಗಿದೆಯೆಂಬುದನ್ನು ನಾವು ಅರಿಯುವುದು ಉಚಿತ.

1895ರ ನವೆಂಬರ್ 8ರಂದು ಜರ್ಮನಿಯ ವ್ಯುರ್ಟ್ಸ್‌ಬರ್ಗ್ ನಗರದಲ್ಲಿ ವಿಲ್‌ಹೆಲ್ಮ್ ರಾಂಟ್ಜನ್ ಎಂಬ ಭೌತವಿಜ್ಞಾನಿ ಈ ಕಿರಣಗಳನ್ನು ಕಂಡುಹಿಡಿದನು. ಅವುಗಳ ಸ್ವರೂಪ ಇನ್ನೂ ತಿಳಿಯದಿದ್ದ ಕಾರಣ, ಬೀಜಗಣಿತದಲ್ಲಿ ಅವ್ಯಕ್ತ ರಾಶಿಯನ್ನು ಸೂಚಿಸುವ 'ಎಕ್ಸ್' ಎಂಬ ಅಕ್ಷರದಿಂದಲೇ ಅವನ್ನು ಹೆಸರಿಸಿದನು. ಕನ್ನಡದಲ್ಲಿ ಅವು ಕ್ಷ-ಕಿರಣಗಳಾದುವು. ಅದೇ ವರ್ಷದ ಡಿಸೆಂಬರಿನಲ್ಲಿ ಅವನು ತೆಗೆದ ಪತ್ನಿಯ ಕೈಯ ಚಿತ್ರದಲ್ಲಿ ಬೆರಳಿನ ಮೂಳೆಗಳೂ ಉಂಗುರವೂ ಸ್ಪಷ್ಟವಾಗಿ ಮೂಡಿದ್ದುವು. 1901ರಲ್ಲಿ ಭೌತವಿಜ್ಞಾನದ ಪ್ರಥಮ ನೊಬೆಲ್ ಪಾರಿತೋಷಕ ಅವನಿಗೆ ಸಂದಿತು. ಈ ಶೋಧ ಲೋಕಕ್ಕೆಲ್ಲ ಸೇರಿದುದೆಂದು ಭಾವಿಸಿ ಅವನು ಅದಕ್ಕೆ ಹಕ್ಕುಪತ್ರವನ್ನು ಪಡೆಯಲಿಲ್ಲ.

ಹೊಸ ಕಿರಣಗಳನ್ನು ಕಂಡ ಸಂಭ್ರಮದಲ್ಲಿ ಅವುಗಳ ಅಪಾಯ ಯಾರ ಗಮನಕ್ಕೂ ಬೇಗನೆ ಬರಲಿಲ್ಲ. ಅಮೆರಿಕದಲ್ಲಿ ಥಾಮಸ್ ಆಲ್ವಾ ಎಡಿಸನ್ನನ ಸಹಾಯಕನಾಗಿದ್ದ ಕ್ಲಾರೆನ್ಸ್ ಡಾಲಿ ಎಂಬವನು ಯಂತ್ರವನ್ನು ಪರೀಕ್ಷಿಸುವಾಗಲೆಲ್ಲ ತನ್ನ ಕೈಯನ್ನೇ ಕಿರಣಕ್ಕೆ ಒಡ್ಡುತ್ತಿದ್ದನು. ಮೊದಲು ಚರ್ಮ ಸುಟ್ಟಿತು, ಬಳಿಕ ಹುಣ್ಣಾಯಿತು, ಕೊನೆಗೆ ಅದು ಕ್ಯಾನ್ಸರಿಗೆ ತಿರುಗಿತು. ಎರಡು ತೋಳುಗಳನ್ನು ಕತ್ತರಿಸಿ ತೆಗೆದರೂ ಅವನು ಉಳಿಯಲಿಲ್ಲ, 1904ರಲ್ಲಿ ತೀರಿಕೊಂಡನು. ಎಡಿಸನ್ ಆ ಸಂಶೋಧನೆಯನ್ನೇ ಕೈಬಿಟ್ಟನು. ಹೀಗೆ ಪ್ರಾಣ ತೆತ್ತ ವೈದ್ಯರು, ದಾದಿಯರು, ವಿಜ್ಞಾನಿಗಳು ಹಲವರು. ಅವರ ನೆನಪಿಗಾಗಿ 1936ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಒಂದು ಸ್ಮಾರಕಶಿಲೆಯನ್ನು ನಿಲ್ಲಿಸಲಾಯಿತು. ಇಂದಿನ ಕ್ಷ-ಕಿರಣದ ಕೊಠಡಿಯಲ್ಲಿ ಕಾಣುವ ಒಂದೊಂದು ರಕ್ಷಣೆಯ ಹಿಂದೆಯೂ ಇಂಥವರ ಬಲಿದಾನವಿದೆ.

ಈಗ ಯಂತ್ರದ ವಿಷಯಕ್ಕೆ ಬರೋಣ. ಗಾಳಿಯನ್ನು ಹೊರದೂಡಿದ ಗಾಜಿನ ಅಥವಾ ಲೋಹದ ನಳಿಗೆಯೇ ಅದರ ಹೃದಯ. ಒಳಗಿನ ಕಾದ ತಂತಿಯಿಂದ ಹೊಮ್ಮುವ ಎಲೆಕ್ಟ್ರಾನುಗಳು, ಸುಮಾರು 40,000ದಿಂದ 1,50,000 ವೋಲ್ಟುಗಳವರೆಗಿನ ವಿದ್ಯುತ್ತಿನ ಸೆಳೆತದಿಂದ ಧಾವಿಸಿ, ಎದುರಿನ ಟಂಗ್‌ಸ್ಟನ್ ಫಲಕವನ್ನು ಅಪ್ಪಳಿಸುತ್ತವೆ. ಅವುಗಳ ಶಕ್ತಿಯಲ್ಲಿ ಶೇಕಡ 99ರಷ್ಟು ಶಾಖವಾಗಿ ಹೋಗುತ್ತದೆ. ಕಿರಣವಾಗುವುದು ಸುಮಾರು ಶೇಕಡ 1 ಮಾತ್ರ. ಈ ಕಿರಣಗಳು ಮಾಂಸವನ್ನು ಸುಲಭವಾಗಿ ಹಾಯುತ್ತವೆ. ಮೂಳೆ ಅವುಗಳಲ್ಲಿ ಹೆಚ್ಚಿನ ಪಾಲನ್ನು ತಡೆಯುತ್ತದೆ. ಆದುದರಿಂದಲೇ ಚಿತ್ರದಲ್ಲಿ ಮೂಳೆ ಬೆಳ್ಳಗೆ ಕಾಣುತ್ತದೆ. ಆದರೆ ಎಲ್ಲ ಕಿರಣಗಳೂ ನೇರವಾಗಿ ಸಾಗುವುದಿಲ್ಲ. ಕೆಲವು ರೋಗಿಯ ದೇಹಕ್ಕೆ ತಾಗಿ ನಾನಾ ದಿಕ್ಕುಗಳಿಗೆ ಚದರುತ್ತವೆ. ನೇರ ಕಿರಣ, ಚದರಿದ ಕಿರಣ ಇವೆರಡನ್ನೂ ತಡೆಯುವಂತೆ ಕೊಠಡಿಯನ್ನು ಕಟ್ಟಬೇಕು.

ಭಾರತದಲ್ಲಿ ಈ ಕಾರ್ಯದ ಮೇಲ್ವಿಚಾರಣೆಗಾಗಿ 1983ರಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಸ್ಥಾಪಿತವಾಯಿತು. ಅದರ ಪರವಾನಗಿಯಿಲ್ಲದೆ ಯಾವ ವೈದ್ಯನೂ ಕ್ಷ-ಕಿರಣ ಯಂತ್ರವನ್ನು ನಡೆಸುವಂತಿಲ್ಲ. ಮಂಡಳಿಯು 2001ರಲ್ಲಿ ಪ್ರಕಟಿಸಿದ ಸಂಹಿತೆಯು ಸಾಮಾನ್ಯ ಯಂತ್ರದ ಕೊಠಡಿಗೆ 18 ಚದರ ಮೀಟರಿಗೆ ಕಡಿಮೆಯಿಲ್ಲದ ವಿಸ್ತಾರವನ್ನು ವಿಧಿಸಿತು. ಕೊಠಡಿ ಇಷ್ಟು ದೊಡ್ಡದಾಗಿರಬೇಕೇಕೆಂದು ಕೇಳಬಹುದು. ಮೂಲದಿಂದ ದೂರ ಎರಡರಷ್ಟಾದರೆ ಕಿರಣದ ತೀವ್ರತೆ ಕಾಲುಭಾಗಕ್ಕೆ ಇಳಿಯುತ್ತದೆ. ದೂರವೇ ಅತ್ಯಂತ ಅಗ್ಗದ ರಕ್ಷಣೆ.

ಅದೇ ಸಂಹಿತೆಯ ಪ್ರಕಾರ ನೇರ ಕಿರಣ ಬೀಳುವ ಗೋಡೆ 35 ಸೆಂಟಿಮೀಟರ್ ದಪ್ಪದ ಇಟ್ಟಿಗೆಯದಾಗಿರಬೇಕಾಗಿತ್ತು. ಉಳಿದ ಗೋಡೆಗಳಿಗೆ 23 ಸೆಂಟಿಮೀಟರ್ ಸಾಕಾಗಿತ್ತು. ಬಾಗಿಲಿಗೆ 1.7 ಮಿಲಿಮೀಟರ್ ದಪ್ಪದ ಸೀಸದ ತಗಡು ಹೊದಿಸಿದರೆ, ಅದು ಆ 23 ಸೆಂಟಿಮೀಟರ್ ಇಟ್ಟಿಗೆಯ ಕೆಲಸವನ್ನೇ ಮಾಡುತ್ತದೆ. ಸೀಸದ ಮಹಿಮೆ ಅಂಥದು. ಎದೆಯ ಚಿತ್ರ ತೆಗೆಯುವ ನಿಲುವನ್ನು ಜನ ಓಡಾಡದ ಹೊರಗೋಡೆಯ ಕಡೆಗೆ ಇರಿಸುವುದು ಮೇಲು. ಬಾಗಿಲ ಮೇಲೆ ಕೆಂಪು ದೀಪವಿರಬೇಕು. ಅದು ಉರಿಯುತ್ತಿರುವಾಗ ಯಾರೂ ಒಳಗೆ ಹೋಗಬಾರದು. ಗರ್ಭಿಣಿಯರು ಮುಂಚಿತವಾಗಿ ತಿಳಿಸಬೇಕೆಂಬ ಸೂಚನೆಯನ್ನು ಓದಲು ಬಾರದವರಿಗೂ ತಿಳಿಯುವಂತೆ ಚಿತ್ರಸಹಿತವಾಗಿ ತೂಗುಹಾಕಬೇಕು.

ಯಂತ್ರವನ್ನು ನಡೆಸುವವನ ರಕ್ಷಣೆ ಇನ್ನೂ ಮುಖ್ಯವಾದುದು. ರೋಗಿ ಬರುವುದು ಎಂದೋ ಒಮ್ಮೆ. ಅವನಾದರೋ ದಿನವೂ ಅಲ್ಲಿಯೇ ಇರುವವನು. ಸೀಸ ಬೆರೆಸಿದ ಗಾಜಿನ ಕಿಂಡಿಯುಳ್ಳ ತಡೆಯ ಹಿಂದೆ ನಿಂತು ಅವನು ಗುಂಡಿಯನ್ನು ಒತ್ತಬೇಕು. ಅವನ ಎದೆಯ ಮೇಲೆ ಪುಟ್ಟ ಬಿಲ್ಲೆಯೊಂದಿರುತ್ತದೆ. ಅದು ಅವನ ದೇಹದ ಮೇಲೆ ಬಿದ್ದ ಕಿರಣದ ಲೆಕ್ಕವನ್ನು ಮೌನವಾಗಿ ಬರೆದಿಡುತ್ತದೆ. ನಿಗದಿತ ಅವಧಿಗೊಮ್ಮೆ ಅದನ್ನು ಪ್ರಯೋಗಶಾಲೆಗೆ ಕಳುಹಿಸಿ ಓದಿಸುತ್ತಾರೆ. ಎಳೆಯ ಮಗುವನ್ನು ಹಿಡಿದುಕೊಳ್ಳಲೇಬೇಕಾದಾಗ ಆ ಕೆಲಸವನ್ನು ಸಿಬ್ಬಂದಿಗೆ ವಹಿಸದೆ, ಮನೆಯವರೊಬ್ಬರಿಗೆ ಸೀಸದ ಮೇಲಂಗಿಯನ್ನು ತೊಡಿಸಿ ನಿಲ್ಲಿಸುತ್ತಾರೆ.

ಹಿಂದೆ ಈ ಕೊಠಡಿಯ ಪಕ್ಕದಲ್ಲಿ ಫಿಲ್ಮು ತೊಳೆಯಲು ಕತ್ತಲೆಯ ಕೋಣೆಯೊಂದು ಇರಲೇಬೇಕಾಗಿತ್ತು. ಮಂದವಾದ ಕೆಂಪು ಬೆಳಕಿನಲ್ಲಿ ರಾಸಾಯನಿಕ ದ್ರಾವಣಗಳಲ್ಲಿ ಅದ್ದಿ, ನೀರಿನಲ್ಲಿ ತೊಳೆದು, ಒಣಗಿಸಬೇಕಾಗಿತ್ತು. ಇಂದು ಅನೇಕ ಕಡೆ ಕಿರಣಗ್ರಾಹಕ ಫಲಕದಿಂದ ಚಿತ್ರ ನೇರವಾಗಿ ಗಣಕಯಂತ್ರದ ತೆರೆಯ ಮೇಲೆ ಮೂಡುತ್ತದೆ. ಸಾಧನ ಬದಲಾದರೂ ಎಚ್ಚರ ಬದಲಾಗುವಂತಿಲ್ಲ. ಹೊಳೆಗೆ ಸುರಿದರೂ ಅಳೆದು ಸುರಿ ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಬೇಕಾದ ಅಂಗದ ಮೇಲೆ ಮಾತ್ರ, ಬೇಕಾದಷ್ಟೇ ಕಿರಣವನ್ನು ಬಿಡುವವನೇ ನಿಜವಾದ ತಂತ್ರಜ್ಞ.

ಹಾಗೆಂದು ನಾವು ಈ ಕೊಠಡಿಗೆ ಹೆದರಬೇಕಾದುದಿಲ್ಲ. ಗುಂಡಿಯಿಂದ ಕೈ ತೆಗೆದೊಡನೆ ದೀಪ ಆರಿದಂತೆ ಕಿರಣವೂ ಇಲ್ಲವಾಗುತ್ತದೆ. ಗೋಡೆಯಲ್ಲಾಗಲಿ ರೋಗಿಯ ದೇಹದಲ್ಲಾಗಲಿ ಅದು ಉಳಿಯುವುದಿಲ್ಲ. ವೈದ್ಯನು ಅಗತ್ಯವೆಂದು ಹೇಳಿದಾಗ ಚಿತ್ರ ತೆಗೆಸಿಕೊಳ್ಳದಿರುವುದು ಅವಿವೇಕ. ಅಗತ್ಯವಿಲ್ಲದೆ ತೆಗೆಸಿಕೊಳ್ಳಬಯಸುವುದೂ ಅವಿವೇಕವೇ.

ಒಂದು ಮಾತು ಮಾತ್ರ ನಮ್ಮ ನೆನಪಿನಲ್ಲಿರಲಿ. ಗೋಡೆಯ ದಪ್ಪವನ್ನು ಎರಡು ಅಂಗುಲ ಕಡಿಮೆ ಮಾಡಿದರೆ, ಸೀಸದ ತಗಡನ್ನು ಬಾಗಿಲ ಅರ್ಧಕ್ಕೇ ನಿಲ್ಲಿಸಿದರೆ, ನೋಡಿದವರಿಗೆ ಅದು ಗೊತ್ತಾಗುವುದಿಲ್ಲ. ಬಣ್ಣ ಬಳಿದ ಮೇಲೆ ಎಲ್ಲ ಗೋಡೆಗಳೂ ಒಂದೇ ತೆರನಾಗಿ ಕಾಣುತ್ತವೆ. ಹೊರಗಿನ ಬೆಂಚಿನ ಮೇಲೆ ತನ್ನ ಸರದಿಗಾಗಿ ಕಾಯುತ್ತಿರುವ ತಾಯಿಗೆ ತನ್ನ ಬೆನ್ನ ಹಿಂದಿನ ಗೋಡೆಯ ದಪ್ಪ ತಿಳಿಯದು. ಕಟ್ಟಿದವನ ಪ್ರಾಮಾಣಿಕತೆಯನ್ನು ನಂಬಿ ಅವಳು ಅಲ್ಲಿ ಕುಳಿತಿರುತ್ತಾಳೆ. ಆ ನಂಬಿಕೆಯನ್ನು ಉಳಿಸಿಕೊಳ್ಳುವುದು ಮೇಸ್ತ್ರಿಯಿಂದ ವೈದ್ಯನವರೆಗೆ ಎಲ್ಲರ ಧರ್ಮ.