ಗಣಕದ ತೆರೆ: ಅಲಂಕಾರ ಮತ್ತು ಔಚಿತ್ಯ

ಗಣಕಯಂತ್ರವನ್ನು ಚಾಲನೆಗೊಳಿಸಿದೊಡನೆ ಎದುರಾಗುವ ತೆರೆಗೆ ‘ಡೆಸ್ಕ್‌ಟಾಪ್’, ಅಂದರೆ ಮೇಜಿನ ಮೇಲ್ಮೈ ಎಂದು ಹೆಸರು. 1981 ರಲ್ಲಿ ಜೆರಾಕ್ಸ್ ಸಂಸ್ಥೆಯ ‘ಸ್ಟಾರ್’ ಯಂತ್ರವು ಕಾಗದ, ಕಡತಗಳ ಚಿತ್ರಗಳನ್ನು ತೆರೆಯ ಮೇಲಿರಿಸಿ ಮಾರುಕಟ್ಟೆಗೆ ಬಂದಿತು. ಮೇಜು ಎಂದ ಮೇಲೆ ಅದನ್ನು ಒಪ್ಪವಾಗಿಡುವುದು ಬಳಸುವವರ ಹೊಣೆ. ಔಚಿತ್ಯವಿಲ್ಲದ ಅಲಂಕಾರವು ಅಲಂಕಾರವೇ ಅಲ್ಲವೆಂಬ ಕ್ಷೇಮೇಂದ್ರನ ಮತವು ಕಾವ್ಯಕ್ಕೆ ಸಲ್ಲುವಂತೆ ಇಲ್ಲಿಗೂ ಸಲ್ಲುತ್ತದೆ.

ಹಿನ್ನೆಲೆಯ ಚಿತ್ರವನ್ನೇ ನೋಡಬಹುದು. 1224 ರಲ್ಲಿ ಪೋಲಾಳ್ವ ದಂಡನಾಯಕನು ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಕಂಬಗಳನ್ನು ಕೊಕ್ಕನೂರು, ಹರಿಹರಗಳ ಕಡೆಯವರು ಅಭಿಮಾನದಿಂದ ತೆರೆಯ ಮೇಲಿರಿಸಿಕೊಳ್ಳುವುದು ಸಹಜ. ಆದರೆ ಆ ಕಂಬಗಳ ನೆರಳುಬೆಳಕಿನ ನಡುವೆ ಕಡತಗಳ ಹೆಸರುಗಳು ಅಡಗಿಹೋಗುತ್ತವೆ. ಅದೇ ಊರಿನ ತುಂಗಭದ್ರೆಯ ತಿಳಿನೀರಿನ ಚಿತ್ರವಾದರೆ ಅಕ್ಷರಗಳು ಎದ್ದು ಕಾಣುತ್ತವೆ.

ಎಲ್ಲಕ್ಕಿಂತ ಮುಖ್ಯವಾದುದು ಅಕ್ಷರ. ಕನ್ನಡದಲ್ಲಿ ದಕಾರ ಧಕಾರಗಳಿಗೂ ಪಕಾರ ಫಕಾರಗಳಿಗೂ ಇರುವ ಭೇದ ಬುಡದ ಒಂದು ಸಣ್ಣ ಸೀಳು ಮಾತ್ರ. ತೆರೆಯ ಅಕ್ಷರ ಕಿರಿದಾದರೆ ಆ ಸೀಳು ಕಣ್ಣಿಗೆ ಬೀಳದು. ತಪ್ಪು ತಿದ್ದದೆಯೇ ಅಚ್ಚಿಗೆ ಹೋಗುತ್ತದೆ. ಕೃತಜ್ಞತಾಪತ್ರದಲ್ಲಿ ‘ಧನ’ವು ‘ದನ’ವಾದರೆ ದಾನಿಗಳು ನಕ್ಕು ಸುಮ್ಮನಾದಾರು, ಪ್ರಶ್ನಪತ್ರಿಕೆಯಲ್ಲಿ ಹಾಗಾದರೆ ವಿದ್ಯಾರ್ಥಿಯು ಎಡವುತ್ತಾನೆ. ಇದಲ್ಲದೆ ‘ರಾಷ್ಟ್ರ’ದಂತಹ ಪದದ ಒತ್ತುಗಳು ಸಾಲಿನ ಕೆಳಗಿಳಿಯುವುದರಿಂದ, ಆಂಗ್ಲ ಲಿಪಿಯ ಅಳತೆಗೆ ರೂಪಿಸಿದ ಪಟ್ಟಿಗಳಲ್ಲಿ ಅವು ಕತ್ತರಿಸಿದಂತೆ ತೋರುವುದುಂಟು. ಆದುದರಿಂದ ನೋಟೋ ಸಾನ್ಸ್ ಕನ್ನಡದಂತಹ ಸ್ಪಷ್ಟ ಅಕ್ಷರಮಾದರಿಯನ್ನು ಆಯ್ದು, ಗಾತ್ರವನ್ನು ತುಸು ಹಿಗ್ಗಿಸುವುದೇ ತೆರೆಗೆ ಮಾಡಬೇಕಾದ ಮೊದಲ ಶೃಂಗಾರ.

ಎರಡನೆಯದು ಕೀಲಿಮಣೆ. ‘ನುಡಿ’ ತಂತ್ರಾಂಶದ ಮೂಲಕ ನಾಡಿಗೆ ಪರಿಚಿತವಾದ ಕೆ.ಪಿ. ರಾಯರ ವಿನ್ಯಾಸವು ಲಿನಕ್ಸ್‌ನ ಆಯ್ಕೆಪಟ್ಟಿಯಲ್ಲಿ ‘ಕಗಪ’ ಎಂಬ ಹೆಸರಿನಿಂದ ದೊರೆಯುತ್ತದೆ. ಕನ್ನಡದಿಂದ ಆಂಗ್ಲಕ್ಕೆ ಹೊರಳಲು ಒಂದು ಜೋಡಿ ಕೀಲಿಗಳನ್ನು ಗೊತ್ತುಪಡಿಸಿಕೊಂಡರೆ ದಿನವೂ ಬಹಳ ಸಮಯ ಉಳಿಯುತ್ತದೆ. ಆದರೆ ಒಂದು ಎಚ್ಚರಿಕೆ: ಯೂನಿಕೋಡಿಗೆ ಮುಂಚಿನ ಕ್ರಮದಲ್ಲಿ ಬರೆದಿಟ್ಟ ಕಡತಗಳು ಅಕ್ಷರಮಾದರಿ ಬದಲಾದೊಡನೆ ಅರ್ಥಹೀನ ಚಿಹ್ನೆಗಳಾಗಿ ಕಾಣುತ್ತವೆ. ಅವು ಹಾಳಾಗಿರುವುದಿಲ್ಲ; ಪರಿವರ್ತಿಸಿಕೊಳ್ಳಬೇಕು, ಅಳಿಸಬಾರದು. ಶಾಲೆಗಳ ಎಷ್ಟೋ ಹಳೆಯ ದಾಖಲೆಗಳು ಈ ರೂಪದಲ್ಲಿಯೇ ಇವೆ.

ಇನ್ನು ಹಳೆಯ ವಿದ್ಯಾರ್ಥಿಗಳು ದಾನವಾಗಿ ಕೊಡುವ ಯಂತ್ರಗಳ ವಿಚಾರ. 2025 ರ ಅಕ್ಟೋಬರ್ 14 ರಂದು ವಿಂಡೋಸ್ 10 ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲವು ಕೊನೆಗೊಂಡಿತು. ಹಳೆಯ ಯಂತ್ರಗಳಲ್ಲಿ ಅನೇಕವು ಮುಂದಿನ ಆವೃತ್ತಿಯ ನಿಯಮಗಳಿಗೆ ಒಗ್ಗುವುದಿಲ್ಲ. ಅಂತಹವುಗಳನ್ನು ಮೂಲೆಗೆ ಹಾಕಬೇಕಾಗಿಲ್ಲ. 1996 ರಲ್ಲಿ ಆರಂಭವಾದ ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಮೇಜುವ್ಯವಸ್ಥೆಯನ್ನು ಲಿನಕ್ಸ್‌ನೊಡನೆ ಅಳವಡಿಸಿದರೆ ನಾಲ್ಕು ಗಿಗಾಬೈಟ್ ಸ್ಮೃತಿಯ ಯಂತ್ರವೂ ಶಾಲೆಯ ಬರವಣಿಗೆ, ಲೆಕ್ಕಗಳಿಗೆ ಒದಗುತ್ತದೆ. ಕಿಟಕಿಗಳ ನೆರಳು, ಪಾರದರ್ಶಕತೆಗಳಂತಹ ಬೆಡಗನ್ನು ನಿಲ್ಲಿಸಿದರೆ ಇನ್ನಷ್ಟು ಲಾಭ. ಒಂದು ಕಾರ್ಯಾಂಗಣದಲ್ಲಿ ಅಂಕಪಟ್ಟಿ, ಮತ್ತೊಂದರಲ್ಲಿ ಪ್ರಶ್ನಪತ್ರಿಕೆ ಇರಿಸಿಕೊಂಡು, ಕಂಟ್ರೋಲ್ ಮತ್ತು ಆಲ್ಟ್ ಕೀಲಿಗಳೊಡನೆ ಬಾಣದ ಕೀಲಿಯನ್ನು ಒತ್ತಿ ಒಂದರಿಂದ ಒಂದಕ್ಕೆ ಹೋಗಬಹುದು. ಒಂದೇ ಯಂತ್ರವನ್ನು ಹಲವರು ಬಳಸುವೆಡೆ ಪ್ರತಿಯೊಬ್ಬರಿಗೂ ಪ್ರತ್ಯೇಕ ಪ್ರವೇಶವಿರತಕ್ಕದ್ದು. ಆಗ ಹಿರಿಯ ಉಪಾಧ್ಯಾಯರ ದೊಡ್ಡಕ್ಷರದ ತೆರೆಯನ್ನು ಕಿರಿಯರ ಪ್ರಯೋಗಗಳು ಕೆಡಿಸಲಾರವು.