ಮೇಸ್ತ್ರಿಗೆ ಲೈಸೆನ್ಸ್ ಬೇಕೇ?

ಕಳೆದ ರಂಝಾನ್ ಮುಗಿದ ವಾರ ಅಬ್ಬನಿಗೆ ಸಿಗಬೇಕಿದ್ದ ಒಂದು ಮನೆಯ ಕೆಲಸ ಕೈತಪ್ಪಿತು. "ಅವರ ಹತ್ತಿರ ಸರಕಾರದ ಲೈಸೆನ್ಸ್ ಇದೆ, ನಿಮ್ಮ ಹತ್ತಿರ ಇಲ್ಲವಲ್ಲ" ಎಂದು ಮನೆಯವರು ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಿದರು. ಇಪ್ಪತ್ತೆರಡು ವರ್ಷಗಳಿಂದ ಕೆಂಪುಕಲ್ಲಿನ ಗೋಡೆ ಕಟ್ಟುತ್ತಿರುವ ಅಬ್ಬ ಕಪಾಟಿನಿಂದ ಕಾರ್ಮಿಕ ಕಾರ್ಡು ತೆಗೆದು, "ಇದು ಲೈಸೆನ್ಸ್ ಅಲ್ಲವಾ ಮಗಳೇ?" ಎಂದು ಕೇಳಿದರು. ದ್ವಿತೀಯ ಪಿಯುಸಿ ವಾಣಿಜ್ಯ ಓದುವ ನನಗೂ ಗೊತ್ತಿರಲಿಲ್ಲ. ವಿಚಾರಿಸಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ನಮ್ಮ ಕಾಲೇಜಿನಲ್ಲಿ ಮೇಸ್ತ್ರಿಗಳ ಮಕ್ಕಳೂ ಇದ್ದೇವೆ, ಮನೆ ಕಟ್ಟಿಸುತ್ತಿರುವವರ ಮಕ್ಕಳೂ ಇದ್ದಾರೆ.

ಆ ಕಾರ್ಡು ಲೈಸೆನ್ಸ್ ಅಲ್ಲ. ಅದು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಗುರುತಿನ ಚೀಟಿ. 18ರಿಂದ 60 ವರ್ಷದೊಳಗಿನ, ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ಯಾರೂ ನೋಂದಾಯಿಸಿಕೊಳ್ಳಬಹುದು. ಕಾರ್ಮಿಕರ ಮಕ್ಕಳಿಗೆ ಶೈಕ್ಷಣಿಕ ನೆರವು ಸಿಗುವುದೂ ಇದೇ ಮಂಡಳಿಯಿಂದ. ನವೀಕರಿಸದೆ ಬಿಟ್ಟವರು ಮನೆಗೆ ಹೋಗಿ ನೋಡಿ. ನಮ್ಮದೂ ಅವಧಿ ಮುಗಿದಿತ್ತು!

ಹಾಗಾದರೆ ಆ ಇನ್ನೊಬ್ಬರ ಬಳಿ ಇದ್ದದ್ದು ಏನು? ಲೋಕೋಪಯೋಗಿ ಇಲಾಖೆಯ ಗುತ್ತಿಗೆದಾರರ ನೋಂದಣಿ. ಇದರಲ್ಲಿ ಒಂದರಿಂದ ನಾಲ್ಕರವರೆಗೆ ದರ್ಜೆಗಳಿವೆ. ಕೆಳಗಿನ ದರ್ಜೆಯವರು ಇಂತಿಷ್ಟು ಮೊತ್ತದೊಳಗಿನ ಕಾಮಗಾರಿಗೆ ಮಾತ್ರ ಟೆಂಡರ್ ಹಾಕಬಹುದು, ಒಂದನೇ ದರ್ಜೆಯವರಿಗೆ ಮಿತಿಯಿಲ್ಲ. ದರ್ಜೆ ಕೊಡುವಾಗ ಹಿಂದೆ ಮಾಡಿದ ಕಾಮಗಾರಿ, ಹಣಕಾಸಿನ ಶಕ್ತಿ ಇವನ್ನೆಲ್ಲ ನೋಡುತ್ತಾರೆ. ಆದರೆ ಇದೆಲ್ಲ ಸರಕಾರದ ರಸ್ತೆ, ಶಾಲೆ, ಆಸ್ಪತ್ರೆ ಕಟ್ಟಲು. ಸರಕಾರ ತನ್ನ ಹಣಕ್ಕೆ ಮಾಡಿಕೊಂಡ ಜಾಗ್ರತೆ ಇದು. ನಮ್ಮ ಕರ್ನಾಟಕದಲ್ಲಿ ಖಾಸಗಿ ಮನೆ ಕಟ್ಟುವ ಮೇಸ್ತ್ರಿಗೆ ಇಂಥ ಲೈಸೆನ್ಸ್ ಕಡ್ಡಾಯವಿಲ್ಲ. ನಗರಸಭೆ ಅಥವಾ ಪಂಚಾಯತ್ ಕೊಡುವ ಕಟ್ಟಡ ಪರವಾನಗಿ ಕೂಡ ಮನೆಯ ಮಾಲಕರ ಹೆಸರಿನಲ್ಲಿರುತ್ತದೆ, ಮೇಸ್ತ್ರಿಯ ಹೆಸರಿನಲ್ಲಲ್ಲ. ಹೆಚ್ಚು ಜನರನ್ನು ದುಡಿಸುವ ಗುತ್ತಿಗೆದಾರರಿಗೆ ಕಾರ್ಮಿಕ ಕಾನೂನಿನ ನಿಯಮಗಳು ಬೇರೆ ಇವೆ. ಅವು ಇರುವುದು ಕೆಲಸಗಾರರ ರಕ್ಷಣೆಗೆ.

ವಯರಿಂಗ್ ಮಾತ್ರ ಹಾಗಲ್ಲ. ಅದನ್ನು ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರೇ ಮಾಡಬೇಕು. ಅದನ್ನು ಕೊಡುವುದು ವಿದ್ಯುತ್ ಪರಿವೀಕ್ಷಣಾ ಇಲಾಖೆ. ಲೈಸೆನ್ಸ್ ಕೇಳಲೇಬೇಕಾದ ಕಡೆ ಇದು. ವಿಚಿತ್ರವೆಂದರೆ ಇಲ್ಲಿ ಕೇಳುವವರು ಕಡಿಮೆ.

ಮೇಸ್ತ್ರಿ ಅಡ್ವಾನ್ಸ್ ತೆಗೆದುಕೊಂಡು ಲಿಂಟಲ್ ಮಟ್ಟಕ್ಕೆ ನಿಲ್ಲಿಸಿ ಹೋದರೆ? ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಮನೆ ನಿರ್ಮಾಣವೂ ಒಂದು ಸೇವೆ. ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಮೊತ್ತ 5 ಲಕ್ಷದವರೆಗಿದ್ದರೆ ಶುಲ್ಕವೂ ಇಲ್ಲ. ಆದರೆ ಅಲ್ಲಿ ತೋರಿಸಲು ಕಾಗದ ಬೇಕು: ಚದರಡಿಗೆ ಎಷ್ಟು, ಯಾವ ಸಿಮೆಂಟು, ಯಾವ ಹಂತಕ್ಕೆ ಎಷ್ಟು ಹಣ, ಯಾವಾಗ ಮುಗಿಯಬೇಕು ಎಂದು ಬರೆದು ಇಬ್ಬರೂ ಸಹಿ ಹಾಕಿದ ಕರಾರು. ಮೇಸ್ತ್ರಿಯ ಬಾಕಿ ಹಣಕ್ಕೂ ಅದೇ ಆಧಾರ. ಎರಡು ಮನೆಗಳ ಬಾಕಿ ಅಬ್ಬನಿಗೆ ಇನ್ನೂ ಬಂದಿಲ್ಲ. ಎರಡೂ ಬಾಯಿಮಾತಿನ ಕೆಲಸಗಳು.

ಮೊನ್ನೆ ಒಂದು ಚಿಕ್ಕ ಕೆಲಸ ಬಂದಿದೆ, ಅಡುಗೆಮನೆ ಮತ್ತು ಸಿಟೌಟ್. ಕರಾರನ್ನು ನಾನೇ ಬರೆದೆ. ಅಬ್ಬ ಎರಡು ಸಲ ಓದಿಸಿ ಕೇಳಿ, "ಮಳೆ ಬಂದರೆ ಆಗುವ ತಡವನ್ನೂ ಸೇರಿಸು" ಎಂದರು.